ಗ್ರಾಮಾರೋಗ್ಯ ಸಂಶೋಧನೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಸ್ಥಾನ

ವೈದ್ಯಕ ಪದವಿಯನ್ನು ಪಡೆದ ಮೇಲೆಯೂ ಮೂರು ವರ್ಷ ವಿದ್ಯಾರ್ಥಿಗಳಾಗಿಯೇ ಉಳಿದು, ಒಂದು ವಿಷಯವನ್ನು ಶೋಧಿಸಿ ಪ್ರಬಂಧವನ್ನು ಬರೆಯುವ ತರುಣ ವೈದ್ಯರಲ್ಲಿ ಕೆಲವರು ಹಳ್ಳಿಗಳ ಆರೋಗ್ಯವನ್ನೇ ತಮ್ಮ ಶೋಧನೆಗೆ ಆರಿಸಿಕೊಳ್ಳುವರು. ೧೯೫೭ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಸರಕಾರೀ ವೈದ್ಯಕ ಮಹಾವಿದ್ಯಾಲಯದಲ್ಲಿಯೂ, ಧಾರವಾಡದ ಸತ್ತೂರಿನ ವೈದ್ಯಕ ವಿದ್ಯಾಲಯದಲ್ಲಿಯೂ ಈ ಸ್ನಾತಕೋತ್ತರ ವ್ಯಾಸಂಗವು ನಡೆದಿರುವದು. ಇದು ತೀರ ಹೊಸದಾದ, ಪರದೇಶದಿಂದ ಸಿದ್ಧವಾಗಿ ಬಂದ ವಿದ್ಯೆಯೆಂದು ಸಾಮಾನ್ಯವಾದ ತಿಳಿವಳಿಕೆಯುಂಟು. ಆದರೆ ಈ ವಿದ್ಯೆಯ ಅತ್ಯಂತ ಕಠಿಣವಾದ ಪ್ರಶ್ನೆಯೊಂದು ನಮ್ಮ ಹುಬ್ಬಳ್ಳಿಯ ಓಣಿಗಳಲ್ಲಿಯೇ, ೧೮೯೮ನೆಯ ಇಸವಿಯ ಪ್ಲೇಗಿನ ಕಾಲದಲ್ಲಿ, ಜನರ ಪ್ರಾಣವನ್ನು ಪಣಕ್ಕಿಟ್ಟು ವಿಚಾರಿಸಲ್ಪಟ್ಟಿತೆಂಬುದನ್ನು ತೋರಿಸುವದೂ, ಆ ಪ್ರಶ್ನೆಗೆ ಮುಂದೆ ಕನ್ನಡ ನಾಡಿನ ಇತರ ಭಾಗಗಳಲ್ಲಿ ದೊರೆತ ಉತ್ತರಗಳನ್ನು ಪರಾಮರ್ಶಿಸುವದೂ ಈ ಲೇಖನದ ಉದ್ದೇಶವು. ಲೇಖಕನು ವೈದ್ಯನಲ್ಲ, ತರ್ಕ ವ್ಯಾಕರಣಗಳ ಪಾಠಶಾಲೆಯಲ್ಲಿ ಬೆಳೆದವನು. ಆದುದರಿಂದ ಔಷಧಗಳ ಗುಣದೋಷಗಳನ್ನು ಬಿಟ್ಟು, ಈ ಶೋಧನೆಗಳಲ್ಲಿ ಪ್ರಮಾಣವು ಹೇಗೆ ಸಿದ್ಧಿಸಿತೆಂಬಷ್ಟನ್ನೇ ಇಲ್ಲಿ ವಿಚಾರಿಸಲಾಗುವದು.

೧

ಒಬ್ಬ ರೋಗಿಯ ಚಿಕಿತ್ಸೆಯೇ ಬೇರೆ, ಒಂದು ಜನಪದದ ಆರೋಗ್ಯದ ವಿಚಾರವೇ ಬೇರೆ ಎಂಬ ಭೇದವು ನಮ್ಮ ಪ್ರಾಚೀನರಿಗೆ ತಿಳಿಯದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನೇ ವಿಷಯವಾಗಿ ಉಳ್ಳದ್ದು. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ, ಗ್ರೀಷ್ಮ ಕಾಲದಲ್ಲಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಆತ್ರೇಯ ಮಹರ್ಷಿಯು ಅಗ್ನಿವೇಶನಿಗೆ, ಆಪತ್ತು ಬರುವ ಮೊದಲೇ ಔಷಧಿಗಳನ್ನು ಸಂಗ್ರಹಿಸಿಟ್ಟುಕೊಳ್ಳಬೇಕೆಂದು ಉಪದೇಶಿಸುವನು. ಆಗ ಶಿಷ್ಯನು ಕೇಳುವ ಪ್ರಶ್ನೆಯು ಮನನೀಯವಾದುದು: ಜನರ ಪ್ರಕೃತಿ, ಆಹಾರ, ದೇಹ, ಬಲ, ವಯಸ್ಸುಗಳೆಲ್ಲ ಭಿನ್ನಭಿನ್ನವಾಗಿರುವಾಗ ಒಂದೇ ವ್ಯಾಧಿಯು ಏಕಕಾಲದಲ್ಲಿ ಎಲ್ಲರನ್ನೂ ನಾಶಮಾಡುವದು ಹೇಗೆ? ಭಿನ್ನವಾದ ಜನರಿಗೂ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಸಮಾನವಾಗಿರುವವು. ಅವು ಕೆಟ್ಟರೆ ಜನಪದವು ಕೆಡುವದು ಎಂದು ಗುರುವಿನ ಸಮಾಧಾನವು.

ಅದಲ್ಲದೆ ಅದೇ ಸಂಹಿತೆಯು ಓಷಧಿಗಳ ಹೆಸರನ್ನೂ ರೂಪವನ್ನೂ ಕುರಿ ಕಾಯುವವರು, ದನ ಕಾಯುವವರು, ಅಡವಿಯಲ್ಲಿ ವಾಸಿಸುವವರು ಬಲ್ಲರೆಂದು ಒಪ್ಪಿ, ಅವುಗಳ ಯೋಜನೆಯನ್ನು ಮಾತ್ರ ಶಾಸ್ತ್ರಜ್ಞನಿಗೆ ಬಿಟ್ಟಿರುವದು. ಹಳ್ಳಿಯವನು ಚಿಕಿತ್ಸೆಗೆ ಪಾತ್ರನು ಮಾತ್ರನಲ್ಲ, ಜ್ಞಾನಕ್ಕೂ ಒಂದು ಮೂಲವು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ತುಮಕೂರಿನ ಪ್ರಸಂಗದಲ್ಲಿ ಇದು ಉಪಯೋಗಕ್ಕೆ ಬರುವದು. ಆದರೆ ಎಷ್ಟು ಜನರಲ್ಲಿ ಎಷ್ಟು ಜನರಿಗೆ ರೋಗವು ತಗಲಿತು ಎಂಬ ಲೆಕ್ಕದ ಮಾರ್ಗವು ಮಾತ್ರ ಆ ಗ್ರಂಥಗಳಲ್ಲಿ ಕಾಣುವದಿಲ್ಲ. ಅದು ನಮ್ಮ ಪ್ರಾಂತಕ್ಕೆ ಪ್ಲೇಗಿನ ಸಂಗಡ ಬಂದಿತು.

೨

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ನಮ್ಮ ಸೀಮೆಗೂ ಬಂದಿತು. ದಕ್ಷಿಣ ಮರಾಠಾ ರೈಲ್ವೆಯ ಕಾರ್ಖಾನೆಯಿಂದಲೂ ಹತ್ತಿಯ ವ್ಯಾಪಾರದಿಂದಲೂ ಜನಸಂಚಾರವು ಹೆಚ್ಚಾಗಿದ್ದ ಹುಬ್ಬಳ್ಳಿಯು ೧೮೯೮ರಲ್ಲಿ ಘೋರವಾಗಿ ಪೀಡಿತವಾಯಿತು. ಆಗ ಅದು ಸುಮಾರು ೫೦,೦೦೦ ಜನರ ಪಟ್ಟಣವಾಗಿದ್ದಿತು; ೧೯೦೧ರ ಖಾನೇಸುಮಾರಿಯಲ್ಲಿ ೬೦,೨೧೪ ಜನರು ಎಣಿಸಲ್ಪಟ್ಟರು. ರೋಗದ ಸೂಕ್ಷ್ಮಜಂತುವನ್ನು ಯೆರ್ಸಿನ್ ಎಂಬ ಪಂಡಿತನು ೧೮೯೪ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಆದರೆ ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ಮುಟ್ಟಿಸುವದೆಂಬ ಸಂಗತಿಯು ಇನ್ನೂ ಸರ್ವಸಮ್ಮತವಾಗಿರಲಿಲ್ಲ. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸಿದರು.

ಇದಕ್ಕೆ ಒಂದು ವರ್ಷ ಮೊದಲು ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿದ್ವಾಂಸನು ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, ೧೮೯೭ನೆಯ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಆ ತಿಂಗಳ ಕೊನೆಗೆ ಭಾಯಖಳಾ ತುರಂಗದಲ್ಲಿ ಒಪ್ಪಿದ ಕೈದಿಗಳಿಗೆ ಕೊಟ್ಟು ನೋಡಿದನು. ತುರಂಗದಲ್ಲಿ ಲೆಕ್ಕವು ಸುಲಭವು. ಯಾರೂ ಹೊರಗೆ ಹೋಗರು, ಯಾರೂ ಒಳಗೆ ಬಾರರು. ಚುಚ್ಚಿಸಿಕೊಂಡವರೆಷ್ಟು, ಬಿಟ್ಟವರೆಷ್ಟು ಎಂಬುದು ಪ್ರತಿದಿನವೂ ನಿಶ್ಚಿತವು. ಹುಬ್ಬಳ್ಳಿಯಲ್ಲಿ ಪರೀಕ್ಷೆಗೆ ಬಂದುದು ತುರಂಗವಲ್ಲ, ತೆರೆದ ಊರು. ೧೮೯೮ರ ಮೇ ತಿಂಗಳಿನಿಂದ ಸಪ್ಟೆಂಬರದ ವರೆಗೆ ಲ್ಯೂಮನ್ ಎಂಬ ಸೈನ್ಯವೈದ್ಯನು ಇಲ್ಲಿ ಬಹುಸಂಖ್ಯಾತರಾದ ನಾಗರಿಕರಿಗೆ ಈ ಮದ್ದನ್ನು ಚುಚ್ಚಿ, ವಾರವಾರಕ್ಕೆ ಎರಡು ಸಾಲುಗಳ ಪಟ್ಟಿಯನ್ನಿಟ್ಟನು. ಒಂದು ಸಾಲಿನಲ್ಲಿ ಚುಚ್ಚಿಸಿಕೊಂಡವರೂ ಅವರಲ್ಲಿ ಮೃತರೂ. ಇನ್ನೊಂದರಲ್ಲಿ ಚುಚ್ಚಿಸಿಕೊಳ್ಳದವರೂ ಅವರಲ್ಲಿ ಮೃತರೂ. ಈ ಪಟ್ಟಿಯು ಹುಬ್ಬಳ್ಳಿಯ ಹೆಸರನ್ನು ವೈದ್ಯಕ ಜಗತ್ತಿನಲ್ಲೆಲ್ಲ ಪರಿಚಿತವಾಗಿ ಮಾಡಿತು.

ತರ್ಕವನ್ನು ಓದಿದವರಿಗೆ ಈ ಎರಡು ಸಾಲುಗಳ ಅರ್ಥವು ಕೂಡಲೇ ವಿದಿತವಾಗುವದು. ಅಡಿಗೆಮನೆಯಲ್ಲಿ ಹೊಗೆಯಿರುವಲ್ಲಿ ಬೆಂಕಿಯನ್ನು ಕಾಣುವದು ಅನ್ವಯವು. ಮಡುವಿನಲ್ಲಿ ಬೆಂಕಿಯಿಲ್ಲದಲ್ಲಿ ಹೊಗೆಯನ್ನು ಕಾಣದಿರುವದು ವ್ಯತಿರೇಕವು. ಎರಡೂ ಕೂಡಿದರೆ ವ್ಯಾಪ್ತಿಜ್ಞಾನವು ದೃಢವಾಗುವದು. ಚುಚ್ಚಿಸಿಕೊಂಡವರು ಬದುಕಿದರೆಂಬ ಒಂದರಿಂದಲೇ ಏನೂ ಸಿದ್ಧವಾಗದು. ಚುಚ್ಚಿಸಿಕೊಳ್ಳದಿದ್ದರೂ ಅವರು ಬದುಕುತ್ತಿದ್ದರೋ ಏನೋ. ಮದ್ದಿನ ಬಳಿಗೆ ಬಾರದವರ ಗತಿಯನ್ನು ಅರಿತಾಗಲೇ ಬಂದವರ ಗತಿಗೆ ಅರ್ಥವುಂಟು.

೩

ಆದರೆ ಬಾರದವರನ್ನು ಎಣಿಸುವದು ಹೇಗೆ? ಚುಚ್ಚಿಸಿಕೊಂಡವನ ಹೆಸರು ದಫ್ತರದಲ್ಲಿರುವದು. ಬಾರದವನ ಹೆಸರು ಎಲ್ಲಿಯೂ ಇರುವದಿಲ್ಲ. ಊರಿನ ಒಟ್ಟು ಜನಸಂಖ್ಯೆಯಿಂದ ಚುಚ್ಚಿಸಿಕೊಂಡವರನ್ನು ಕಳೆದು ಉಳಿದವರನ್ನು ಊಹಿಸಬೇಕಾಗುವದು. ಆ ಒಟ್ಟು ಸಂಖ್ಯೆಯಲ್ಲಿ ತಪ್ಪಿದ್ದರೆ ಅದೆಲ್ಲವೂ ಉಳಿದವರ ಸಾಲಿನ ಮೇಲೆಯೇ ಬೀಳುವದು. ಮತ್ತು ಚುಚ್ಚಿಸಿಕೊಂಡವರು ಹೆಚ್ಚಿದಂತೆಲ್ಲ ಉಳಿದ ಚಿಕ್ಕ ಸಂಖ್ಯೆಯಲ್ಲಿ ಆ ತಪ್ಪು ದೊಡ್ಡದಾಗಿ ತೋರುವದು. ಕೇವಲ ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸೋಣ. ೫೦,೦೦೦ ಜನರ ಊರಲ್ಲಿ ೪೦,೦೦೦ ಜನರು ಚುಚ್ಚಿಸಿಕೊಂಡರೆ ಕಳೆದು ಉಳಿದವರು ೧೦,೦೦೦. ಅವರಲ್ಲಿ ೨೦೦ ಜನರು ಸತ್ತರೆ ನೂರಕ್ಕೆ ೨ ಆಯಿತು. ಆದರೆ ಆ ಹತ್ತು ಸಾವಿರದಲ್ಲಿ ೫,೦೦೦ ಜನರು ಹಿಂದೆಯೇ ಊರು ಬಿಟ್ಟು ಹೋಗಿದ್ದರೆ, ಊರಲ್ಲಿದ್ದವರಲ್ಲಿ ಸತ್ತವರು ನೂರಕ್ಕೆ ೪. ಹೊರಗಿನಿಂದ ಜನರು ಬಂದು ಸೇರಿಕೊಂಡಿದ್ದರೆ ಲೆಕ್ಕವು ಇದಕ್ಕೆ ವಿಪರೀತವಾಗುವದು. ಪ್ಲೇಗಿನ ಊರಿಗೆ ಹೋಗುವವರ, ಬರುವವರ ಗಣನೆಯನ್ನು ಯಾರು ಇಟ್ಟಾರು?

ಸರಕಾರವು ೧೮೯೮ರಲ್ಲಿ ನೇಮಿಸಿದ ಪ್ಲೇಗು ಕಮಿಶನ್ನು ಈ ಆಕ್ಷೇಪವನ್ನೇ ಎತ್ತಿತು. ಫ್ರೇಜರ್ ಎಂಬ ಪ್ರಾಧ್ಯಾಪಕರು ಅದರ ಅಧ್ಯಕ್ಷರು. ಆಲ್ಮ್ರಾಥ್ ರೈಟ್ ಎಂಬ ಪ್ರಸಿದ್ಧ ವೈದ್ಯವಿಜ್ಞಾನಿಗಳು ಸದಸ್ಯರಲ್ಲೊಬ್ಬರು. ಚುಚ್ಚಿಸಿಕೊಳ್ಳದವರ ಸಂಖ್ಯೆಯು ವಿಶ್ವಾಸಾರ್ಹವಲ್ಲವೆಂದು ಕಮಿಶನ್ನು ತೋರಿಸಿತು. ಹಾಗಿದ್ದರೂ ಬೇರೆಬೇರೆ ಸ್ಥಳಗಳ ಸಾಕ್ಷ್ಯವನ್ನೆಲ್ಲ ತೂಗಿ, ಈ ಮದ್ದು ರೋಗವು ತಗಲುವ ಸಂಭವವನ್ನು ಗಣನೀಯವಾಗಿ ತಗ್ಗಿಸುವದು, ಆದರೆ ಪೂರ್ಣ ರಕ್ಷಣೆಯನ್ನು ಕೊಡದು, ರೋಗವು ತಗಲಿದವರಲ್ಲಿಯೂ ಮರಣವನ್ನು ಕಡಿಮೆ ಮಾಡುವದು ಎಂಬ ಮಿತವಾದ ನಿರ್ಣಯಕ್ಕೆ ಬಂದಿತು. ಲೆಕ್ಕದ ದೋಷವನ್ನು ಹೇಳಿಯೂ ಲೆಕ್ಕದ ಸಾರವನ್ನು ಬಿಡದಿರುವ ಈ ವಿವೇಕವು ಸಂಶೋಧಕರಿಗೆ ಅನುಕರಣೀಯವು.

ಇನ್ನೊಂದು ತೊಡಕೂ ಉಂಟು. ನೈಯಾಯಿಕರು ಅದನ್ನು ಉಪಾಧಿಯೆಂದು ಕರೆಯುವರು. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬ ಮಾತು ಹಸಿ ಕಟ್ಟಿಗೆಯ ಸಂಬಂಧವಿದ್ದಾಗ ಮಾತ್ರ ನಿಜವು; ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಾಗೆಯೇ ಚುಚ್ಚಿಸಿಕೊಂಡವರೂ ಬಿಟ್ಟವರೂ ಉಳಿದೆಲ್ಲ ವಿಷಯಗಳಲ್ಲಿ ಸಮಾನರಾಗಿದ್ದರೆ? ತಿಳಿದವರು, ಅನುಕೂಲವಂತರು ಮುಂದಾಗಿ ಬಂದಿರಬಹುದು; ಮುದುಕರು, ಹಾಸಿಗೆ ಹಿಡಿದವರು ಹಿಂದೆ ಉಳಿದಿರಬಹುದು. ಚುಚ್ಚಿಸಿಕೊಂಡವರಿಗೆ ಪ್ಲೇಗಿನ ಕೆಲವು ನಿರ್ಬಂಧಗಳಿಂದ ವಿನಾಯಿತಿಯನ್ನು ಕೊಡುವ ಪದ್ಧತಿಯೂ ಮುಂಬಯಿ ಇಲಾಖೆಯಲ್ಲಿದ್ದುದರಿಂದ, ಅವರ ನಡೆನುಡಿಗಳೂ ಉಳಿದವರಿಗಿಂತ ಭಿನ್ನವಾಗಿರುವದು ಸಹಜವು. ಈ ಉಪಾಧಿಯನ್ನು ಶೋಧಿಸಿ ತೆಗೆಯುವದೇ ಇಂದಿನ ಸ್ನಾತಕೋತ್ತರ ವಿದ್ಯಾರ್ಥಿಗೆ ಕಲಿಸುವ ಸಂಖ್ಯಾಶಾಸ್ತ್ರದ ಅರ್ಧ ಭಾಗವು.

ಹುಬ್ಬಳ್ಳಿಯಂಥ ಪಟ್ಟಣದಲ್ಲಿಯೇ ಈ ತೊಡಕಾದರೆ ಸುತ್ತಲಿನ ಹಳ್ಳಿಗಳ ಮಾತೇನು? ಅಲ್ಲಿ ಹುಟ್ಟು ಸಾವುಗಳನ್ನು ಗ್ರಾಮಾಧಿಕಾರಿಗಳು ಬರೆದಿಡುತ್ತಿದ್ದರು. ಮರಣದ ಕಾರಣಕ್ಕೆ ಇದ್ದ ಅಂಕಣಗಳು ಕೆಲವೇ: ಕಾಲರಾ, ದೇವಿ, ಪ್ಲೇಗು, ಹೊಟ್ಟೆಯ ಬೇನೆ, ಜ್ವರ ಮುಂತಾದವು. ಕ್ಷಯದಿಂದ ಸವೆದವನೂ, ಹೆರಿಗೆಯ ನಂಜಿನಿಂದ ಹೋದವಳೂ, ಚಳಿಜ್ವರದ ಕೂಸೂ ಜ್ವರವೆಂಬ ಒಂದೇ ಅಂಕಣದಲ್ಲಿ ಸೇರುವ ಸಂಭವವು ಬಹಳ. ಅಂಥ ದಫ್ತರವು ಸಾವನ್ನು ಎಣಿಸಬಲ್ಲದು, ಅದರ ಕಾರಣವನ್ನು ಹೇಳಲಾರದು.

೪

ಹಳ್ಳಿಯ ಲೆಕ್ಕವು ಸರಿಯಾಗಬೇಕಾದರೆ ಬಲ್ಲವನು ಹಳ್ಳಿಯಲ್ಲಿಯೇ ಬಹುಕಾಲ ಇರಬೇಕು. ಈ ಎರಡನೆಯ ಪಾಠವು ಮೈಸೂರು ಸಂಸ್ಥಾನದಲ್ಲಿ ರೂಪುಗೊಂಡಿತು. ಸಂಸ್ಥಾನದ ಸರಕಾರವು ಅಮೇರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ೧೯೨೯ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕವೊಂದನ್ನು ತೆರೆಯಿತು. ಮುಂದೆ ೧೯೩೦ರ ದಶಕದಲ್ಲಿ ಈಗಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿ ಇನ್ನೊಂದು ಘಟಕವು ಆರೋಗ್ಯ ಸೇವಕರ ಶಿಕ್ಷಣಕ್ಕಾಗಿ ಏರ್ಪಟ್ಟಿತು. ಒಂದು ಗೊತ್ತಾದ ಪ್ರದೇಶದ ಎಲ್ಲ ಮನೆಗಳ ಹುಟ್ಟು ಸಾವುಗಳ ದಾಖಲೆ, ತಾಯಿ ಮಕ್ಕಳ ಆರೈಕೆ, ಶೌಚಕೂಪಗಳು, ಸಾಂಕ್ರಾಮಿಕ ರೋಗಗಳ ನಿವಾರಣೆ ಇವೆಲ್ಲವೂ ಒಂದೇ ಆಡಳಿತದಲ್ಲಿರುವದು ಘಟಕದ ಲಕ್ಷಣವು. ದವಾಖಾನೆಯು ಬಂದವರನ್ನು ನೋಡುವದು. ಘಟಕವು ಇದ್ದವರನ್ನೆಲ್ಲ ನೋಡುವದು.

ಇಂಥ ಕ್ಷೇತ್ರಕಾರ್ಯದಿಂದ ಶಾಸ್ತ್ರಕ್ಕೂ ಲಾಭವಾಯಿತು. ಮೈಸೂರು ಸೀಮೆಯಲ್ಲಿ ಮಲೇರಿಯಾವನ್ನು ಶೋಧಿಸುತ್ತಿದ್ದ ಸ್ವೀಟ್ ಹಾಗೂ ಬಿ. ಎ. ರಾವ್ ಎಂಬವರು, ಒಂದೇ ಜಾತಿಯೆಂದು ಎಣಿಸಲ್ಪಟ್ಟಿದ್ದ ಒಂದು ಬಗೆಯ ಸೊಳ್ಳೆಯಲ್ಲಿ ಎರಡು ಭೇದಗಳಿರುವವೆಂದು ೧೯೩೭ರಲ್ಲಿ ಪ್ರಕಟಿಸಿದರು. ತತ್ತಿಯು ನೀರಿನ ಮೇಲೆ ತೇಲುವಂತೆ ಅದರ ಪಕ್ಕದಲ್ಲಿರುವ ಅಂಗದ ಗೆರೆಗಳನ್ನು ಎಣಿಸಿ ಅವರು ಈ ಭೇದವನ್ನು ಕಂಡರು. ಗೆರೆಗಳು ಕಡಿಮೆಯುಳ್ಳ ಭೇದಕ್ಕೆ ಮೈಸೂರಿನ ಹೆಸರೇ ನಿಂತು, ಅದು ಇಂದಿಗೂ ಕೀಟಶಾಸ್ತ್ರದಲ್ಲಿ ಮೈಸೊರೆನ್ಸಿಸ್ ಎಂದು ಪ್ರಸಿದ್ಧವಾಗಿರುವದು. ಮಲೇರಿಯಾವನ್ನು ಹರಡುವ ಸಾಮರ್ಥ್ಯವು ಎರಡರಲ್ಲಿಯೂ ಸಮಾನವಲ್ಲವಾದ್ದರಿಂದ ಈ ಸೂಕ್ಷ್ಮ ಭೇದಕ್ಕೆ ವ್ಯವಹಾರದಲ್ಲಿಯೂ ಬೆಲೆಯುಂಟು.

ಆ ಕಾಲದಲ್ಲಿ ಈ ವಿದ್ಯೆಯ ಉಚ್ಚ ಶಿಕ್ಷಣಕ್ಕೆ ೧೯೩೨ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಆರೋಗ್ಯಶಾಸ್ತ್ರ ಸಂಸ್ಥೆಯು ಕೇಂದ್ರವಾಗಿದ್ದಿತು. ಅದು ಕೂಡ ಸಿಂಗೂರಿನ ಹಳ್ಳಿಗಳನ್ನು ತನ್ನ ಶಿಕ್ಷಣಕ್ಷೇತ್ರವನ್ನಾಗಿ ಮಾಡಿಕೊಂಡಿತು. ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯನ್ನು ಒಪ್ಪಿಸಿದ ಭೋರ್ ಸಮಿತಿಯು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿದುದಲ್ಲದೆ, ಪ್ರತಿಯೊಬ್ಬ ವೈದ್ಯನೂ ರೋಗನಿವಾರಣೆ ಮತ್ತು ಸಮಾಜಗಳ ದೃಷ್ಟಿಯಿಂದ ಮೂರು ತಿಂಗಳ ಶಿಕ್ಷಣವನ್ನು ಪಡೆಯಬೇಕೆಂದು ಹೇಳಿತು.

೫

ಮೂರನೆಯ ಪಾಠವು ತುಮಕೂರು ಜಿಲ್ಲೆಯದು. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಹಳ್ಳಿಯವರು ಅಜ್ಞಾನಿಗಳು, ತಮಗೆ ರೋಗವಿರುವದನ್ನೇ ಅರಿಯರು, ಆದುದರಿಂದ ಕ್ಷಕಿರಣದ ಗಾಡಿಗಳನ್ನು ಊರೂರಿಗೆ ಒಯ್ದು ರೋಗಿಗಳನ್ನು ಹುಡುಕಿ ತೆಗೆಯಬೇಕು ಎಂಬ ಅಭಿಪ್ರಾಯವು ಆಗ ಪ್ರಬಲವಾಗಿದ್ದಿತು. ಸಂಸ್ಥೆಯ ಬ್ಯಾನರ್ಜಿ ಹಾಗೂ ಆಂಡರ್‌ಸನ್ ಎಂಬ ಸಂಶೋಧಕರು, ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಕ್ಷಯವಿದೆಯೆಂದು ಗೊತ್ತಾದವರ ಮನೆಗಳಿಗೆ ಹೋಗಿ ಅವರನ್ನೇ ವಿಚಾರಿಸುವ ವ್ಯವಸ್ಥೆಯನ್ನು ಮಾಡಿದರು. ೧೯೬೩ರಲ್ಲಿ ಪ್ರಕಟವಾದ ಫಲಿತಾಂಶವು ಆಶ್ಚರ್ಯಕರವು: ನೂರಕ್ಕೆ ಸುಮಾರು ೯೫ ರೋಗಿಗಳಿಗೆ ತಮ್ಮಲ್ಲಿ ರೋಗಲಕ್ಷಣಗಳಿರುವ ಅರಿವಿತ್ತು, ಸುಮಾರು ೭೨ ಜನರಿಗೆ ಅದರ ಚಿಂತೆಯಿತ್ತು, ಅರ್ಧಕ್ಕಿಂತ ಹೆಚ್ಚು, ಎಂದರೆ ಸುಮಾರು ೫೨ ಜನರು, ಚಿಕಿತ್ಸೆಗಾಗಿ ಆಧುನಿಕ ವೈದ್ಯರ ಬಳಿಗೆ ಹೋಗಿಯೂ ಬಂದಿದ್ದರು. ದವಾಖಾನೆಯ ಬಾಗಿಲವರೆಗೆ ಬಂದ ಕ್ಷಯವನ್ನು ದವಾಖಾನೆಯೇ ಗುರುತಿಸದೆ ಮರಳಿ ಕಳಿಸಿದ್ದಿತು.

ಈ ಒಂದು ಶೋಧನೆಯಿಂದ ಪ್ರಶ್ನೆಯ ಮುಖವೇ ತಿರುಗಿತು. ದೋಷವು ಹಳ್ಳಿಯವನ ಅಜ್ಞಾನದಲ್ಲಿರದೆ ವ್ಯವಸ್ಥೆಯ ಕುರುಡಿನಲ್ಲಿದ್ದಿತು. ಕೆಮ್ಮಿನಿಂದ ಬಂದವನ ಕಫವನ್ನು ಸಾಮಾನ್ಯ ದವಾಖಾನೆಯಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕೆಂಬ ಕ್ರಮವು ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಆಧಾರವಾಯಿತು. ಕುರುಬನ ಅರಿವನ್ನು ಪ್ರಮಾಣವೆಂದು ಒಪ್ಪಿದ ಚರಕಸಂಹಿತೆಯ ಮಾತು ಇಲ್ಲಿ ಬೇರೊಂದು ರೀತಿಯಿಂದ ಸಾರ್ಥಕವಾಯಿತೆನ್ನಬಹುದು. ರೋಗಿಯೂ ತನ್ನ ಬೇನೆಯ ವಿಷಯದಲ್ಲಿ ಆಪ್ತನೇ. ಅವನ ವಾಕ್ಯವೂ ಶಬ್ದಪ್ರಮಾಣವೇ.

೬

ಈ ಮೂರು ಪಾಠಗಳು, ಎಂದರೆ ಬಾರದವರನ್ನು ಎಣಿಸುವದು, ಒಂದೇ ಸ್ಥಳದಲ್ಲಿ ಬಹುಕಾಲ ನಿಲ್ಲುವದು, ಜನರನ್ನೇ ಕೇಳುವದು, ನಮ್ಮ ಪ್ರಾಂತದ ಇಂದಿನ ವ್ಯಾಸಂಗದಲ್ಲಿ ಹೇಗೆ ನೆಲೆಗೊಂಡಿರುವವೆಂಬುದನ್ನು ನೋಡೋಣ. ಹುಬ್ಬಳ್ಳಿಯ ಮಹಾವಿದ್ಯಾಲಯವು ಮೊದಲು ಕರ್ನಾಟಕ ವಿಶ್ವವಿದ್ಯಾಲಯಕ್ಕೂ, ೧೯೯೬ರಲ್ಲಿ ವೈದ್ಯಕಕ್ಕಾಗಿಯೇ ಬೇರೆ ವಿಶ್ವವಿದ್ಯಾಲಯವು ಬಂದ ಮೇಲೆ ಅದಕ್ಕೂ ಸೇರಿದ್ದಿತು. ೧೯೭೭ರಲ್ಲಿ ಭಾರತ ಸರಕಾರವು ಪ್ರತಿಯೊಂದು ವೈದ್ಯಕ ಮಹಾವಿದ್ಯಾಲಯವೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆಯನ್ನು ಹೊರಬೇಕೆಂಬ ಯೋಜನೆಯನ್ನು ತಂದಿತು. ೨೦೨೦ರಲ್ಲಿ ಪ್ರಕಟವಾದ ನಿಯಮದಂತೆ ಸ್ನಾತಕೋತ್ತರ ವೈದ್ಯರೆಲ್ಲರೂ ಮೂರು ತಿಂಗಳು ಜಿಲ್ಲಾ ಮಟ್ಟದ ಸೇವೆಯಲ್ಲಿ ಇರಬೇಕಾಗಿರುವದು. ಇತ್ತೀಚೆಗೆ ಪದವಿಯ ವಿದ್ಯಾರ್ಥಿಗಳಿಗೂ ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸುವ ಕಾರ್ಯವು ಗೊತ್ತಾಗಿರುವದು. ಧಾರವಾಡದ ವಿದ್ಯಾಗಿರಿಯ ಆರ್ಥಿಕ ಸಂಶೋಧನ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನ ಕೇಂದ್ರವೂ ಇರುವದು. ಸಾಧನಗಳು ಕಡಿಮೆಯಲ್ಲ.

ಆದರೂ ಒಂದು ಆಕ್ಷೇಪಕ್ಕೆ ಉತ್ತರವನ್ನು ಕೊಡಬೇಕು. ಆಸ್ಪತ್ರೆಯಲ್ಲಿ ರೋಗನಿರ್ಣಯವು ಖಚಿತವು, ಯಂತ್ರಗಳುಂಟು, ಬರಹವುಂಟು; ಹಳ್ಳಿಯ ಶೋಧನೆಯು ಅನಿಶ್ಚಿತವು; ಆದುದರಿಂದ ತರುಣ ವೈದ್ಯನು ವಾರ್ಡಿನಲ್ಲಿಯೇ ಪ್ರಬಂಧವನ್ನು ಬರೆಯುವದು ಲೇಸು ಎಂದು ಕೆಲವರು ವಾದಿಸುವರು. ರೋಗದ ಸ್ವರೂಪವನ್ನು ತಿಳಿಯಲು ಅದು ಸರಿಯೇ. ಆದರೆ ರೋಗದ ವ್ಯಾಪ್ತಿಯನ್ನು ಆಸ್ಪತ್ರೆಯು ಹೇಳಲಾರದು. ನವಲಗುಂದದ ಎರೆಯ ಸೀಮೆಯಿಂದ ಹುಬ್ಬಳ್ಳಿಗೆ ಬಂದ ಹತ್ತು ರೋಗಿಗಳನ್ನು ನೋಡಿದವನಿಗೆ, ಬಸ್ಸಿನ ಖರ್ಚಿಲ್ಲದೆ, ಸುಗ್ಗಿಯ ಕೆಲಸ ಬಿಡಲಾಗದೆ, ಕಂಕುಳಲ್ಲಿ ಕೂಸಿರುವದರಿಂದ ಮನೆಯಲ್ಲಿಯೇ ಉಳಿದವರೆಷ್ಟೆಂಬುದು ಹೇಗೆ ತಿಳಿಯುವದು? ೧೮೯೮ರ ಪಟ್ಟಿಯ ಎರಡನೆಯ ಸಾಲಿನವರು ಇವರೇ. ಹಳ್ಳಿಯಲ್ಲಿ ಮನೆಮನೆಗೆ ಹೋದಾಗಲೂ ಇವರು ಕೈತಪ್ಪುವದುಂಟು. ಹಗಲಲ್ಲಿ ಹೋದ ಸಂಶೋಧಕನಿಗೆ ಹೊಲಕ್ಕೆ ಹೋದವರು ಸಿಗರು. ಬೇಸಿಗೆಯಲ್ಲಿ ಹೋದವನಿಗೆ ಗೋವೆಯ ಕಡೆಗೆ ದುಡಿಯಲು ಹೋದವರು ಸಿಗರು. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಯನ್ನು ಹಿಡಿದರೆ ಲೆಕ್ಕವು ತುಂಬುವದು, ಸತ್ಯವು ತುಂಬದು. ಮನೆಯಲ್ಲಿ ಸಿಕ್ಕವರಿಗೂ ಸಿಗದವರಿಗೂ ಇರುವ ಭೇದವೇ ಇಲ್ಲಿ ಉಪಾಧಿಯಾಗುವದು.

ಇನ್ನು ಭಾಷೆಯ ವಿಷಯ. ಇದರಲ್ಲಿ ಮಾತ್ರ ಪಂಡಿತರಿಗೆ ಮಾತನಾಡುವ ಅಧಿಕಾರವು ಸ್ವಲ್ಪ ಹೆಚ್ಚಾಗಿರುವದು. ಇಂಗ್ಲಿಷಿನಲ್ಲಿ ರಚಿತವಾದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಕೇಳುವದು ರೂಢಿಯು. ಉಸಿರಾಟದ ತೊಂದರೆಯಿದೆಯೇ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಇಲ್ಲವೆನ್ನುವ ಮುದುಕಿಯು, ದಮ್ಮು ಹತ್ತುತ್ತದೆಯೇ ಎಂದರೆ ಹೌದೆನ್ನಬಹುದು. ಅತಿಸಾರವೆಂದರೆ ತಿಳಿಯದ ತಾಯಿಗೆ ಹೊಟ್ಟೆ ಜಾಡಿಸುವದೆಂದರೆ ತಿಳಿಯುವದು. ಕಲಘಟಗಿಯ ಮಲೆನಾಡಿನ ಅಂಚಿನ ಮಾತಿಗೂ ನವಲಗುಂದದ ಬೆಳವಲದ ಮಾತಿಗೂ ಅಂತರವುಂಟು. ಒಂದು ಶಬ್ದವು ತಪ್ಪಿದರೆ ರೋಗವೇ ಇಲ್ಲವೆಂದು ಲೆಕ್ಕವಾಗುವದು. ಆ ತಪ್ಪನ್ನು ಯಾವ ಸಂಖ್ಯಾಶಾಸ್ತ್ರವೂ ತಿದ್ದಲಾರದು. ೧೮೯೦ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಭಾಷಾ ಸಂಸ್ಥೆಗಳಿರುವ ಈ ಪ್ರಾಂತದಲ್ಲಿ, ಬೇನೆ ಬೇಸರಿಕೆಗಳ ಗ್ರಾಮ್ಯ ಶಬ್ದಗಳನ್ನು ತಾಲೂಕುವಾರು ಸಂಗ್ರಹಿಸಿ ವೈದ್ಯ ವಿದ್ಯಾರ್ಥಿಗಳ ಕೈಗೆ ಕೊಡುವದು ಭಾಷಾಪಂಡಿತರು ಮಾಡತಕ್ಕ ಕೆಲಸವಾಗಿರುವದು.

೭

ಕೊನೆಗೆ ಋಣದ ಮಾತು. ಹಳ್ಳಿಯವರು ಸಂಶೋಧಕನಿಗೆ ಬಾಗಿಲು ತೆರೆದು, ರಕ್ತವನ್ನು ಕೊಟ್ಟು, ಮನೆಯ ಸಾವು ನೋವುಗಳನ್ನು ಹೇಳುವರು. ಅದರಿಂದ ಆದ ಪ್ರಬಂಧವು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು, ಪರೀಕ್ಷೆ ಮುಗಿದ ಮೇಲೆ ಗ್ರಂಥಾಲಯದ ಕಪಾಟನ್ನು ಸೇರುವದು. ತಮ್ಮ ಊರಿನ ನೀರಿನ ಸಂಗತಿಯನ್ನೋ, ತಮ್ಮ ಮಕ್ಕಳ ರಕ್ತಹೀನತೆಯ ಸಂಗತಿಯನ್ನೋ ಆ ಊರಿನವರೇ ಓದುವ ದಾರಿಯಿಲ್ಲ. ಸಾಕ್ಷಿಯನ್ನು ಕರೆದು ಹೇಳಿಕೆಯನ್ನು ಪಡೆದು ತೀರ್ಪನ್ನು ಮಾತ್ರ ಅವನಿಗೆ ತಿಳಿಸದಿರುವ ನ್ಯಾಯಸ್ಥಾನದಂತೆ ಇದಾಗುವದು. ಪ್ರತಿಯೊಂದು ಪ್ರಬಂಧದ ಸಾರವನ್ನು ಎರಡು ಪುಟಗಳ ಸುಲಭ ಕನ್ನಡದಲ್ಲಿ ಬರೆದು ಆಯಾ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂಬ ನಿಯಮವನ್ನು ವಿದ್ಯಾಲಯಗಳು ಮಾಡಿದರೆ ಖರ್ಚೇನೂ ಆಗದು. ಲಾಭವು ಎರಡುಂಟು: ಜನರಿಗೆ ತಮ್ಮ ಸ್ಥಿತಿಯು ತಿಳಿಯುವದು, ಸಂಶೋಧಕನ ತಪ್ಪನ್ನು ಬಲ್ಲವರು ಅಲ್ಲಿಯೇ ತಿದ್ದುವರು. ಮರು ವರ್ಷ ಬೇರೊಬ್ಬ ವಿದ್ಯಾರ್ಥಿಯು ಅದೇ ಹಳ್ಳಿಗೆ ಹೋದಾಗ ಹಿಂದಿನ ಲೆಕ್ಕವು ಅಲ್ಲಿಯೇ ಸಿಗುವದು. ಮಂಡ್ಯ ಕ್ಲೋಸ್‌ಪೇಟೆಗಳ ಘಟಕಗಳಲ್ಲಿದ್ದ ನಿರಂತರತೆಯು ಹೀಗೆ ಅಲ್ಪ ಸಾಧನದಿಂದಲೇ ದೊರೆಯುವದು.

ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಪಕ್ಷಿಯಂತೆ ಅಸಮರ್ಥರೆಂದು 'ಸುಶ್ರುತಸಂಹಿತೆ'ಯ ಅಭಿಪ್ರಾಯವು. ಗ್ರಾಮಾರೋಗ್ಯದ ಸ್ನಾತಕೋತ್ತರ ವಿದ್ಯಾರ್ಥಿಗೆ ಹಳ್ಳಿಯೇ ಆ ಎರಡನೆಯ ರೆಕ್ಕೆಯು. ಹುಬ್ಬಳ್ಳಿಯ ಜನರು ೧೮೯೮ರಲ್ಲಿ ತಮ್ಮ ಸಾವುಗಳಿಂದ ತುಂಬಿಸಿಕೊಟ್ಟ ಪಟ್ಟಿಯಲ್ಲಿ ಒಂದು ಸಾಲು ಸಂದೇಹಗ್ರಸ್ತವಾಗಿ ಉಳಿದುಹೋಯಿತು. ಅದೇ ಊರಿನ ವಿದ್ಯಾಲಯದಿಂದ ಹಳ್ಳಿಗಳಿಗೆ ಹೋಗುವ ವೈದ್ಯರು ಆ ಸಾಲನ್ನು, ಎಂದರೆ ಬಾರದವರ ಸಾಲನ್ನು, ಹೆಸರು ಹಿಡಿದು ಬರೆಯಲು ಕಲಿತರೆ ಈ ವ್ಯಾಸಂಗವು ಸಫಲವಾಯಿತೆಂದು ತಿಳಿಯಬೇಕು.